ತೊಕುಮಾರು ಊರಿನ ಬುಡಬುಡಿಕೆ

ನಮ್ಮ ರಾಮಗಿರಿಯಿಂದ ರೈಲು ಹೊರಡುವಾಗ ಒಂದು ಸಲ ಕೂಗುತ್ತದೆ, ಅಡಿಕೆ ತೋಟ ದಾಟಿ ಕರಿಸಿದ್ದೇಶ್ವರನ ಬೆಟ್ಟಕ್ಕೂ ಮುಟ್ಟುವ ಹಾಗೆ. ಟೋಕಿಯೊದಲ್ಲಿ ರೈಲು ಹೊರಡುವ ಮುಂಚೆ ಪ್ಲಾಟ್‌ಫಾರ್ಮ್ ಹಾಡುತ್ತದೆ. ಊರನ್ನು ಸುತ್ತು ಹಾಕುವ ಯಮನೋತೆ ಲೈನಿನಲ್ಲಿ 30 ಸ್ಟೇಷನ್ನು. ತಕದನೊಬಾಬಾದಲ್ಲಿ 'ಆಸ್ಟ್ರೋ ಬಾಯ್' ಕಾರ್ಟೂನಿನ ರಾಗ. ಇನ್ನೊಂದರಲ್ಲಿ ಬೇರೆಯದೇ ರಾಗ, ನಾಲ್ಕು ಸ್ವರ ಮುಗಿಯುವಷ್ಟರಲ್ಲಿ ಬಾಗಿಲು ಮುಚ್ಚಿಬಿಡುತ್ತದೆ. ಪ್ರತಿ ಸ್ಟೇಷನ್ನಿನಲ್ಲೂ ಇಳಿದು ಕೇಳಬೇಕೆಂದು ನನಗೆ ಆಸೆ. "ಚಿಕ್ಕಪ್ಪ, ಹಿಂಗೆ ಇಳ್ಕಂತ ಹೋದ್ರೆ ಮನೆ ಸೇರೋದು ರಾತ್ರಿಗೇ" ಅನ್ನುತ್ತಾಳೆ ಅಣ್ಣನ ಮಗಳು. ಅವಳು ಇಲ್ಲಿ ಕೆಲಸಕ್ಕೆ ಬಂದು ಮೂರು ವರ್ಷವಾಯಿತು, ಕಿವಿ ಪಳಗಿದೆ.

ನಾನು ಬಂದಿರುವುದು ಅವಳನ್ನು ನೋಡಲಿಕ್ಕೆ, ಜೊತೆಗೆ ಒಂದು ಆಲ್ಬಮ್ಮಿನ ಊರು ನೋಡಲಿಕ್ಕೆ. ಅದನ್ನು ಮಾಡಿದ ಶೂಗೊ ತೊಕುಮಾರು 1980ರಲ್ಲಿ ಟೋಕಿಯೊದಲ್ಲೇ ಹುಟ್ಟಿದವರು. ಗಿಟಾರಿನಿಂದ ಹಿಡಿದು ಆಟದ ಪಿಯಾನೊವರೆಗೆ ಹತ್ತಾರು ವಾದ್ಯ ತಾವೇ ನುಡಿಸಿ, ಒಂದರ ಮೇಲೊಂದು ಪೇರಿಸಿ ಹಾಡು ಮಾಡುತ್ತಾರೆ. ಕನಸುಗಳನ್ನು ದಿನಚರಿಯಲ್ಲಿ ಬರೆದಿಟ್ಟುಕೊಂಡು ಅದರಿಂದಲೇ ಸಾಹಿತ್ಯ ಹೆಣೆಯುತ್ತಾರೆ. 2012ರಲ್ಲಿ ಬಂದ ಅವರ 'ಇನ್ ಫೋಕಸ್?' ಆಲ್ಬಮ್ಮನ್ನು ನಾನು ಮೊದಲು ಕೇಳಿದ್ದು ದಾವಣಗೆರೆಯ ಹಾಸ್ಟೆಲ್ ರೂಮಿನಲ್ಲಿ. ಅದರ 'ಕತಾಚಿ', ಅಂದರೆ ಆಕಾರ, ಎಂಬ ಹಾಡಿನಲ್ಲಿ ಗಿಟಾರು ಚುರುಕಾಗಿ ಓಡುತ್ತದೆ. ಹಿಂದೆ ಏನೇನೋ ಕಿಣಿಕಿಣಿ. ಒಂದಕ್ಷರ ತಿಳಿಯದಿದ್ದರೂ ಜಾತ್ರೆಯಲ್ಲಿ ಪೀಪಿ, ಗಿಲಕಿ, ತಗಡಿನ ಡೋಲು ಎಲ್ಲ ಒಟ್ಟಿಗೆ ಸದ್ದು ಮಾಡಿದ ಹಾಗಾಯಿತು. ಆ ಹಾಡಿಗೆ ಪೋಲೆಂಡಿನ ಕಿಯೆಕ್ ಮತ್ತು ಆದಾಮ್‌ಸ್ಕಿ ಜೋಡಿ ಸುಮಾರು 2000 ಆಕೃತಿಗಳನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಕತ್ತರಿಸಿ, ಒಂದೊಂದನ್ನೇ ಜರುಗಿಸಿ ವಿಡಿಯೊ ಮಾಡಿದ್ದಾರೆ. ತೊಗಲುಗೊಂಬೆ ನೋಡಿ ಬೆಳೆದ ನಮ್ಮಂಥವರಿಗೆ ಅದನ್ನು ಯಾರೂ ವಿವರಿಸಬೇಕಿಲ್ಲ.

ಷಿಬುಯಾದ ಹತ್ತಿರ ರಸ್ತೆ ದಾಟಲು ನಿಂತಿದ್ದೇನೆ. ಹಸಿರು ದೀಪ ಬಿದ್ದ ಕೂಡಲೆ ಕಂಬದೊಳಗಿನಿಂದ "ಕುಕ್ಕೂ, ಕುಕ್ಕೂ". ತಲೆಯೆತ್ತಿ ಮರ ಹುಡುಕುತ್ತೇನೆ. ಕಣ್ಣು ಕಾಣದವರಿಗೆ ದಾರಿ ತಿಳಿಯಲೆಂದು ಇಟ್ಟ ಸದ್ದಂತೆ. ಅಡ್ಡರಸ್ತೆಗೆ ಮರಿಹಕ್ಕಿಯ ಚಿಲಿಪಿಲಿ. ಹೊಳಲ್ಕೆರೆ ಸರ್ಕಲ್ಲಿನಲ್ಲಿ ಲಾರಿ ಹಾರ್ನಿಗೆ ಬೆಚ್ಚಿ ದಾಟುವ ನಾನು ಇಲ್ಲಿ ಕುಕ್ಕೂ ಕೇಳಲೆಂದೇ ಎರಡು ಸಲ ಆಚೆ ಈಚೆ ಹೋಗಿ ಬಂದೆ. ತೊಕುಮಾರು ಸದ್ದುಗಳನ್ನು ಎಲ್ಲಿಂದಲೋ ತಂದಿದ್ದಾರೆಂದು ಇಷ್ಟು ವರ್ಷ ಅಂದುಕೊಂಡಿದ್ದೆ. ಅವರು ಬೆಳೆದ ಬೀದಿಯೇ ಹೀಗೆ ಕಿಣಿಗುಡುತ್ತದಲ್ಲ!

ಊಟದ್ದೊಂದು ಪೇಚು. ತರಕಾರಿ ಸಾರು ಅಂದರೂ ತಳದಲ್ಲಿ ಮೀನಿನ ರಸ. ನಾಲ್ಕು ದಿನ ಅನ್ನ, ಶೇಂಗಾ ಚಟ್ನಿಪುಡಿ, ಅತ್ತಿಗೆ ಕಟ್ಟಿಕೊಟ್ಟ ಕಟಕು ರೊಟ್ಟಿ. ರಸ್ತೆಯಲ್ಲಿ ಕಸದ ಡಬ್ಬಿ ಸಿಗುವುದೇ ಇಲ್ಲ, ಆದರೂ ಒಂದು ಚೂರು ಕಸವಿಲ್ಲ. ಬೆಳಗ್ಗೆ ಸುಲಿದ ಕಿತ್ತಳೆ ಸಿಪ್ಪೆ ಸಂಜೆವರೆಗೂ ನನ್ನ ಜೇಬಿನಲ್ಲಿ ಘಮಘಮಿಸುತ್ತಿತ್ತು.

ಷಿಮೊಕಿತಾಜಾವಾದ ಗಲ್ಲಿಗಳು ನಮ್ಮ ಚಿತ್ರದುರ್ಗದ ಹಳೇ ಪೇಟೆಯಷ್ಟೇ ಕಿರಿದು. ಹಳೇ ಬಟ್ಟೆ, ಕಾಫಿ, ಹಳೇ ಡಿಸ್ಕುಗಳು. ಅಂಗಡಿಯೊಂದರಲ್ಲಿ ಅಣ್ಣನ ಮಗಳು ಸಾಲುಸಾಲು ಬೆರಳಾಡಿಸಿ 'ಇನ್ ಫೋಕಸ್?' ಎಳೆದು ಕೊಟ್ಟಾಗ ಕೈ ನಡುಗಿತು. ಸಿಡಿಯ ಎಡ ಅಂಚಿಗೆ ಎರಡು ಬೆರಳಗಲದ ಕಾಗದದ ಪಟ್ಟಿ. ಅದಕ್ಕೆ 'ಓಬಿ' ಎಂದು ಹೆಸರು, ಕಿಮೋನೊ ಮೇಲೆ ಸುತ್ತುವ ನಡುಪಟ್ಟಿಗೂ ಅದೇ ಹೆಸರು. ಹಳೇ ಡಿಸ್ಕಾದರೂ ಓಬಿಗೆ ಒಂದು ಮಡಿಕೆ ಬಿದ್ದಿರಲಿಲ್ಲ. ಅದು ಹರಿದಿದ್ದರೆ ಇಲ್ಲಿ ಬೆಲೆ ಇಳಿಯುತ್ತದಂತೆ. ತೊಕುಮಾರು ಅವರ ಹೆಸರನ್ನು ಅವಳು ಬೆರಳಿಟ್ಟು ಓದಿದಳು: ಅದು ಕತಾಕಾನಾದಲ್ಲಿತ್ತು. ಹೆಚ್ಚಾಗಿ ಹೊರನಾಡಿನಿಂದ ಬಂದ ಪದಗಳಿಗೆ ಬಳಸುವ ಲಿಪಿ ಅದು. ಇದೇ ಮಣ್ಣಿನ ಹುಡುಗ ತನ್ನ ಹೆಸರನ್ನು ಅದರಲ್ಲಿ ಬರೆದುಕೊಳ್ಳುತ್ತಾನೆ. ನನಗಂತೂ ಇದು ಬಹಳ ಹಿಡಿಸಿತು.

ರಾತ್ರಿ ಅಲ್ಲೇ ನೆಲಮಾಳಿಗೆಯ ಲೈವ್ ಹೌಸ್. ಟಿಕೆಟ್ಟಿನ ಮೇಲೆ ಒಂದು ಡ್ರಿಂಕಿನ ದುಡ್ಡು ಕಡ್ಡಾಯ, ಕುಡಿಯದ ನಾನು ಉಲಾಂಗ್ ಟೀ ತೆಗೆದುಕೊಂಡೆ. ಒಬ್ಬಳೇ ಹುಡುಗಿ ಆಟದ ಪಿಯಾನೊ ಮುಂದೆ ಮಂಡಿಯೂರಿ ಹಾಡುತ್ತಾಳೆ. ಜನ ಉಸಿರು ಬಿಗಿಹಿಡಿದು ನಿಂತಿದ್ದಾರೆ; ಗ್ಲಾಸಿನ ಐಸು ಕರಗಿ ಜರುಗಿದ್ದು ಕೇಳಿಸುತ್ತದೆ. ನಮ್ಮಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಹತ್ತು ಶಿಳ್ಳೆ, ನಾಲ್ಕು ಒನ್ಸ್‌ಮೋರ್. ಹಾಡು ಪೂರ್ತಿ ಮುಗಿದು, ಕೊನೆಯ ಸ್ವರ ಆರಿದ ಮೇಲೇ ಚಪ್ಪಾಳೆ.

ಕೊನೆಯ ದಿನ ಅಸಾಕುಸಾ. ಸೆನ್ಸೋಜಿ ದೇವಸ್ಥಾನಕ್ಕೆ ಹೋಗುವ ನಾಕಾಮಿಸೆ ಬೀದಿ ಥೇಟ್ ಜಾತ್ರೆ ಸಾಲು: ಬೀಸಣಿಗೆ, ಸಿಹಿತಿಂಡಿ, ಗೊಂಬೆ. ಒಂದಂಗಡಿಯಲ್ಲಿ ಕೆಂಪು ಬಣ್ಣದ ಪುಟ್ಟ ಡೋಲು, ಎರಡು ಕಡೆ ದಾರದಲ್ಲಿ ಮಣಿ, ಕೆಳಗೆ ಕೋಲು. ಅಂಗೈಗಳ ನಡುವೆ ಹೊಸೆದರೆ ಟಪಟಪ ಟಪಟಪ. ಅಯ್ಯೋ, ಇದು ಕೋಲು ಸಿಕ್ಕಿಸಿದ ಬುಡಬುಡಿಕೆ! ಬೆಳಗಿನ ಜಾವ ನಮ್ಮ ಬಾಗಿಲಿಗೆ ಬರುವ ಬುಡಬುಡಿಕೆಯವರದು ಮಣಿಕಟ್ಟಿನ ತಿರುವು, ಇದು ಅಂಗೈಯ ಹೊಸೆತ, ಅಷ್ಟೇ ವ್ಯತ್ಯಾಸ. ಇದರ ಹೆಸರು ದೆನ್‌ದೆನ್ ದೈಕೊ ಎಂದಳು ಅಂಗಡಿಯ ಅಜ್ಜಿ. ನಾನು ಬಿಡದೆ ಆಡಿಸುತ್ತಿದ್ದೆ. "ಚಿಕ್ಕಪ್ಪ, ಭವಿಷ್ಯ ಹೇಳು ಮತ್ತೆ" ಎಂದು ಅಣ್ಣನ ಮಗಳು ನಗುತ್ತಿದ್ದಳು, ಆದರೆ ಕಣ್ಣುಗಳು ತೇವವಾಗಿದ್ದವು. ಊರು ಬಿಟ್ಟು ಮೂರು ವರ್ಷ.

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಬಿಳಿ ಕೈಗವಸಿನ ಹುಡುಗ ನನ್ನ ಚೀಲ ಬಿಡಿಸುತ್ತಾನೆ. ಸಿಡಿಯನ್ನು ಓಬಿ ಮಡಿಸದಂತೆ ಪಕ್ಕಕ್ಕಿಡುತ್ತಾನೆ. ರೊಟ್ಟಿ ಕಟ್ಟಿದ್ದ ಬಟ್ಟೆಯೊಳಗಿಂದ ಡೋಲು ತೆಗೆದು, ಒಳಗೇನಿದೆಯೋ ಎಂದು ಒಂದು ಸಲ ಹೊಸೆಯುತ್ತಾನೆ. ಟಪಟಪ. ಅತ್ತಿತ್ತ ನೋಡಿ, ಇನ್ನೊಂದು ಸಲ ಹೊಸೆಯುತ್ತಾನೆ.