ನಾಲ್ಕು ತಾಲ್ಲೂಕಿನ ಕ್ರಾಂತಿಸಾಮ್ಯ

ನಿವೃತ್ತಿಯಾದ ಮೇಲೆ ಕೆಲವರು ವಾಕಿಂಗ್ ಹಿಡಿಯುತ್ತಾರೆ, ಕೆಲವರು ರಾಜಕೀಯ ಹಿಡಿಯುತ್ತಾರೆ. ನಾನು ಗ್ರಹಗಳ ಕ್ರಾಂತಿ ಹಿಡಿದೆ. ತಂಗಿಯ ಮಗ ಲ್ಯಾಪ್‌ಟಾಪಿಗೆ ಒಂದು ಪುಕ್ಕಟೆ ಜ್ಯೋತಿಷ ಸಾಫ್ಟ್‌ವೇರ್ ಹಾಕಿಕೊಟ್ಟ. ಅದರ ಹೊಟ್ಟೆಯೊಳಗಿರುವುದು ಸ್ವಿಸ್ ಎಫೆಮೆರಿಸ್, ಅದರ ಬೆನ್ನಿಗಿರುವುದು ನಾಸಾದವರ ಗಣಿತ. ಹುಣಸೂರಿನ ನಡುಮನೆಯಲ್ಲಿ ಕೂತು ಶುಕ್ರನನ್ನು ವಿಚಾರಿಸಲು ಇಷ್ಟೆಲ್ಲ ಖರ್ಚು ಯಾರೋ ಮಾಡಿದ್ದಾರೆ.

ಆಕಾಶದ ನಡುಗೆರೆಯಿಂದ ಗ್ರಹ ಎಷ್ಟು ಬಡಗಲು, ಎಷ್ಟು ತೆಂಕಲು ಎಂಬುದೇ ಕ್ರಾಂತಿ. ಎರಡು ಗ್ರಹಗಳದು ಒಂದೇ ಆದರೆ ಕ್ರಾಂತಿಸಾಮ್ಯ. ಆಗ ಎರಡೂ ದಿಗಂತದ ಒಂದೇ ಜಾಗದಲ್ಲಿ ಹುಟ್ಟಿ, ಒಂದೇ ದಾರಿ ಸವೆಸಿ, ಒಂದೇ ಕಡೆ ಮುಳುಗುತ್ತವೆ. ಹೊತ್ತು ಮಾತ್ರ ಬೇರೆಯಿರಬಹುದು. ನಮ್ಮಪ್ಪ ಮತ್ತು ಒಡಹುಟ್ಟಿದವರ ಸಂಬಂಧ ಹೀಗೇ ಇತ್ತು. ದೊಡ್ಡಪ್ಪ ಕೆ.ಆರ್.ನಗರ, ಅಪ್ಪ ಹುಣಸೂರು, ಚಿಕ್ಕಪ್ಪ ಪಿರಿಯಾಪಟ್ಟಣ, ಅತ್ತೆ ಎಚ್.ಡಿ.ಕೋಟೆ. ಒಬ್ಬರು ಬಂದು ಹೋದ ಮೇಲೆ ಇನ್ನೊಬ್ಬರು ಬರುತ್ತಿದ್ದರು. ಜಗಳ ಆಡಿದ್ದನ್ನು ಕಂಡವರಿಲ್ಲ. ಜಗಳಕ್ಕಾದರೂ ಎದುರುಬದುರು ಸಿಗಬೇಕಲ್ಲ.

ದೊಡ್ಡಪ್ಪ ಎಡತೊರೆಯ ಅರ್ಕೇಶ್ವರನ ಗುಡಿಗೆ ಹೋಗಿಬಂದು ಜಗಲಿಯಲ್ಲಿ ಕ್ರಾಂತಿಯ ಲೆಕ್ಕಕ್ಕೆ ಕೂರುತ್ತಿದ್ದರು. ಕಾಗದ ಕೊಳ್ಳುವ ಪೈಕಿಯವರಲ್ಲ, ತಂಬಾಕು ಹರಾಜಿನ ಚೀಟಿಗಳ ಹಿಂಬದಿ ಸಾಕಿತ್ತು. ಸೂರ್ಯಸಿದ್ಧಾಂತದ ಪ್ರಕಾರ ತ್ರಿಜ್ಯ 3438, ಪರಮಕ್ರಾಂತಿಯ (ಸೂರ್ಯನ ಅತಿ ಹೆಚ್ಚಿನ ಕ್ರಾಂತಿಯ) ಜ್ಯಾ, ಎಂದರೆ ಸೈನ್, 1397, ಅಂದರೆ 24 ಅಂಶ. ಸಾಫ್ಟ್‌ವೇರ್ ಈಗ 23 ಅಂಶ 26 ಕಲೆ ಎನ್ನುತ್ತದೆ. ಆ ಅರ್ಧ ಅಂಶ ಎಲ್ಲಿ ಹೋಯಿತೆಂದು ಅವರ ಹತ್ತಿರ ವಾದ ಮಾಡಬೇಕಿತ್ತು. ಒಂದು ಮಧ್ಯಾಹ್ನವಿಡೀ ಅವರು ಹಾಕುತ್ತಿದ್ದ ಲೆಕ್ಕವನ್ನು ಇದು ನಾನು ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ಮುಗಿಸುತ್ತದೆ. ಆಮೇಲೆ ಕಾಫಿ ಕೇಳುವುದಿಲ್ಲ, ಚಿಕ್ಕಪ್ಪನ ಸಾಲದ ಸುದ್ದಿ ಎತ್ತುವುದಿಲ್ಲ.

ಆದರೂ ಇದರಿಂದ ಒಂದು ಸಂಗತಿ ಸಿಕ್ಕಿತು. ಸೂರ್ಯನ ಕ್ರಾಂತಿ ಊರಿನ ಅಕ್ಷಾಂಶಕ್ಕೆ ಸಮವಾದ ದಿನ ನಡುಮಧ್ಯಾಹ್ನ ನೆರಳು ಕಾಲಡಿ ಸೇರುತ್ತದೆ. ಏಪ್ರಿಲ್ 22ರ ಸುಮಾರಿಗೆ, ಅಶ್ವಿನಿ ಮಳೆಯ ಕಾಲದಲ್ಲಿ, ಸೂರ್ಯ ಅತ್ತೆಯ ಕೋಟೆಯ ನೆತ್ತಿಗೆ ಬರುತ್ತಾನೆ. ಮಾರನೆಯ ದಿನ ದೊಡ್ಡಪ್ಪನ ಊರಿಗೆ. ನಡುವೆ ಹುಣಸೂರು, ಪಿರಿಯಾಪಟ್ಟಣ ಹೆಚ್ಚುಕಮ್ಮಿ ಒಂದೇ ಅಕ್ಷಾಂಶದಲ್ಲಿ ಸಿಗುತ್ತವೆ. ಆಗಸ್ಟ್ 20ರ ಆಸುಪಾಸಿನಲ್ಲಿ ಅದೇ ದಾರಿಯಲ್ಲಿ ವಾಪಸು. ಹುಣಸೂರಿನಲ್ಲಿ ಬಸ್ಸು ಬದಲಾಯಿಸಿದರೂ ಬೆಳಗ್ಗೆ ಹೊರಟವರು ಊಟದ ಹೊತ್ತಿಗೆ ಮುಟ್ಟುವ ಹಾದಿಗೆ ಸೂರ್ಯನಿಗೆ ಒಂದು ದಿನ ಬೇಕು. ಆದರೂ ಅವನು ವರ್ಷಕ್ಕೆರಡು ಸಲ ನಾಲ್ಕೂ ಮನೆಗೆ ತಪ್ಪದೆ ಹೋಗಿಬರುತ್ತಾನೆ. ನಮ್ಮವರ ಲೆಕ್ಕ ಬೇಡ.

ಸೂರ್ಯ-ಚಂದ್ರರ ಕ್ರಾಂತಿ ಒಂದೇ ದಿಕ್ಕಿನಲ್ಲಿ ಸಮವಾದರೆ ವ್ಯತೀಪಾತ, ಎದುರು ದಿಕ್ಕಿನಲ್ಲಾದರೆ ವೈಧೃತಿ. ಎರಡರಲ್ಲೂ ಮದುವೆ ಕೂಡದು. ಹೋದ ವರ್ಷ ಅತ್ತೆಯ ಮೊಮ್ಮಗಳ ಮದುವೆಗೆ ದಿನ ಹುಡುಕುವಾಗ ನಿಷಿದ್ಧ ವೇಳೆಗಳ ಪಟ್ಟಿಯನ್ನು ಕುಟುಂಬದ ವಾಟ್ಸ್ಯಾಪಿಗೆ ಹಾಕಿದೆ. ಹುಡುಗಿಯ ಉತ್ತರ ತಕ್ಷಣ ಬಂತು: "ಮಾಮ, ಛತ್ರ ಖಾಲಿ ಇರೋದು ಅವತ್ತೇ." ವ್ಯತೀಪಾತದ ಹೊತ್ತಿಗೇ ಧಾರೆ ಆಯಿತು. ನಾಲ್ಕೂ ತಾಲ್ಲೂಕಿನವರು ಒಂದೇ ಪಂಕ್ತಿಯಲ್ಲಿ ಕೂತರು, ಚಿಕ್ಕಪ್ಪನ ಸಾಲದ ವಿಚಾರ ಪಾಯಸದ ಹೊತ್ತಿಗೆ ಎದ್ದು ಜಗಳವೂ ಆಯಿತು. ವ್ಯತೀಪಾತದಲ್ಲಿ ಮಾಡಿದ ದಾನಕ್ಕೆ ಫಲ ಹೆಚ್ಚೆಂದು ಶಾಸ್ತ್ರವಿದೆ. ಹೆಣ್ಣಿನ ತಂದೆಗೆ ಹಾಗೆಂದು ಹೇಳಿದೆ. ಅವರು ಅಡುಗೆಯವರ ಬಿಲ್ಲನ್ನು ನನ್ನ ಕಡೆ ಹಿಡಿದರು.