ಮತ್ತೆ ಶಿಷ್ಯನಾಗುವ ಧೈರ್ಯ

ತನ್ನ ಶಕ್ತಿಯನ್ನು ತಾನರಿತವನಿಗೆ ವಿನಯವು ಸಹಜವಾಗಿಯೇ ಒದಗುವುದೆಂದೂ, ಆ ಶಕ್ತಿಯಲ್ಲಿ ಸಂದೇಹವುಳ್ಳವನೇ ಸದಾ ಎದೆ ಸೆಟೆಸಿ ನಡೆಯಬೇಕಾಗುವುದೆಂದೂ ನಾನು ಬಹುಕಾಲದಿಂದ ನಂಬಿದ್ದೇನೆ. ಈ ನಂಬಿಕೆಗೆ ನಿದರ್ಶನವನ್ನು ಅರಸುವಾಗಲೆಲ್ಲ ನನ್ನ ಮನಸ್ಸು, ಧಾರವಾಡದ ಸಮೀಪದ ಮನಸೂರೆಂಬ ಹಳ್ಳಿಯಲ್ಲಿ 1910ರಲ್ಲಿ ಜನಿಸಿದ ಹಿಂದುಸ್ತಾನಿ ಗಾಯಕ ಮಲ್ಲಿಕಾರ್ಜುನ ಮನಸೂರರ ಕಡೆಗೇ ಹರಿಯುತ್ತದೆ.

ಎಳವೆಯಲ್ಲಿ ನಾಟಕ ಕಂಪನಿಯ ರಂಗದ ಮೇಲೆ ಹಾಡಿ, ಮಿರಜಿನ ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿಯನ್ನು ವರ್ಷಗಟ್ಟಲೆ ಅಭ್ಯಸಿಸಿ, ಗ್ರಾಮಾಫೋನ್ ತಟ್ಟೆಗಳಿಂದ ಹೆಸರು ಪಡೆದಿದ್ದ ಆ ತರುಣರು, ಇಪ್ಪತ್ತೈದರ ಆಸುಪಾಸಿನಲ್ಲಿ, ಮನ್ನಣೆಯು ತಾನಾಗಿಯೇ ಬಾಗಿಲಿಗೆ ಬರುತ್ತಿದ್ದ ಹೊತ್ತಿನಲ್ಲಿ, ಮುಂಬಯಿಯಲ್ಲಿ ಜಯಪುರ ಘರಾಣೆಯ ಅಲ್ಲಾದಿಯಾ ಖಾನರ ಪುತ್ರರಾದ ಮಂಜಿಖಾನರ ಮುಂದೆ ಶಿಷ್ಯರಾಗಿ ಕುಳಿತರು. ಗುರುವು ಮಣಿಕಟ್ಟಿಗೆ ದಾರ ಕಟ್ಟಿ, ಕಡಲೆ ಬೆಲ್ಲ ತಿನ್ನಿಸಿ ಶಿಷ್ಯನನ್ನು ಸ್ವೀಕರಿಸುವ ಗಂಡಾಬಂಧನದ ಸಂಪ್ರದಾಯವು ಸರಳವಾದುದೇ. ಆದರೆ ಸಭೆಯ ಮೆಚ್ಚಿಕೆ ಗಳಿಸಿದ ಕಂಠವನ್ನು ಪುನಃ ಮೊದಲಿನಿಂದ ತಿದ್ದಿಕೊಳ್ಳುವುದು, ಲಯದ ಎಳೆಯನ್ನು ಕ್ಷಣವೂ ಸಡಿಲಬಿಡದೆ ಸ್ವರವನ್ನು ವಿಸ್ತರಿಸುತ್ತ ಬಳಸುದಾರಿಯ ತಾನುಗಳನ್ನು ತಾಳದ ಸಮಕ್ಕೆ ತಂದು ಕೂಡಿಸುವ ಜಯಪುರದ ಕಠಿನ ಮಾರ್ಗವನ್ನು ಆ ವಯಸ್ಸಿನಲ್ಲಿ ಮೈಗೂಡಿಸಿಕೊಳ್ಳುವುದು, ಅಧೀರರ ಕೆಲಸವಲ್ಲ. 1937ರಲ್ಲಿ ಮಂಜಿಖಾನರು ತೀರಿಕೊಂಡರು; ಮನಸೂರರು ಅವರ ತಮ್ಮ ಭೂರ್ಜಿಖಾನರ ಬಳಿಗೆ ಹೋಗಿ ಕಲಿಕೆಯನ್ನು ಮುಂದುವರಿಸಿದರು.

ಹೀಗೆ ಬಾಗಿದವರ ಗಾಯನದಲ್ಲಿ ಅಳುಕೆಂಬುದೇ ಇಲ್ಲ. ಅವರ ಶಿವಮತ ಭೈರವದ ಧ್ವನಿಮುದ್ರಣವನ್ನು ಆಲಿಸುವಾಗ, ಅಪರೂಪದ ರಾಗವಾದರೂ ಕೇಳುಗರನ್ನು ಓಲೈಸುವ ಗೊಡವೆಗೆ ಹೋಗದೆ, ತನ್ನ ಮನೆಯ ಪಡಸಾಲೆಗೆ ಕಾಲಿಡುವವನಂತೆ ನೇರವಾಗಿ ಅದರೊಳಕ್ಕೆ ನಡೆಯುವ ಆ ನಿಶ್ಚಿಂತೆ ನನ್ನನ್ನು ಪ್ರತಿಸಲವೂ ಬೆರಗುಗೊಳಿಸುತ್ತದೆ. ಕಲಿಯಲು ನಾಚದಿದ್ದುದರ ಫಲವಿದು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಹೀಗೆ ಮತ್ತೆ ಕಲಿಯುವ ವಿಷಯದಲ್ಲಿ ಅಧಿಕಾರಸ್ಥಾನದಲ್ಲಿರುವವರ ಪಾಡು ಗಾಯಕರ ಪಾಡಿಗಿಂತಲೂ ಕಷ್ಟದ್ದು. ಗಾಯಕನ ಅಪಸ್ವರವು ಸಭೆಗೆ ಒಡನೆಯೇ ಕೇಳಿಸುತ್ತದೆ. ಮುಖಂಡನ ತಪ್ಪೆಣಿಕೆಯಾದರೋ ಮುಖಸ್ತುತಿಯ ಮರೆಯಲ್ಲಿ ವರ್ಷಾನುಗಟ್ಟಲೆ ಅಡಗಿರಬಲ್ಲುದು. ಆದುದರಿಂದ ಹಿರಿಯ ಹುದ್ದೆಯನ್ನು ವಹಿಸಿರುವ ಓದುಗರಲ್ಲಿ ನನ್ನದೊಂದು ಬಿನ್ನಹ: ನಿಮ್ಮ ಕೆಲಸದ ಒಳಹೊರಗನ್ನು ನಿಮಗಿಂತ ಚೆನ್ನಾಗಿ ಬಲ್ಲ ಒಬ್ಬರನ್ನಾದರೂ, ಅವರು ಕಚೇರಿಯ ಕಿರಿಯ ಗುಮಾಸ್ತರೇ ಆಗಿರಲಿ, "ಇದು ಸರಿಯಲ್ಲ ಸ್ವಾಮಿ" ಎಂದು ನಿರ್ಭಯವಾಗಿ ಹೇಳುವಷ್ಟು ಹತ್ತಿರದಲ್ಲಿರಿಸಿಕೊಳ್ಳಿ.