ಮಾಲು ಬಂತು, ಬಿಲ್ಲು ಬಂತು, ನೋಟೀಸೂ ಬಂತು

ಸಾಹಿತ್ಯ ಸಂಘದ ಪತ್ರಿಕೆಗೆ ತೆರಿಗೆಯ ವಿಷಯ ಬರೆದು ಕೊಟ್ಟರೆ ಮಿತ್ರರು ನಗುತ್ತಾರೆಂದು ಗೊತ್ತು. ಕವಿತೆ ಕಟ್ಟಲು ಬಾರದ ಕಾಮರ್ಸ್ ವಿದ್ಯಾರ್ಥಿ ಇನ್ನೇನು ಬರೆದಾನು?

ಕನ್ನಡ ಶಾಲೆಯಲ್ಲಿ ನಾನು ಕಲಿತದ್ದು 'ತೆರಿಗೆ' ಎಂಬ ಒಂದೇ ಶಬ್ದ. ಮುಂಬಯಿಗೆ ಬಂದು, ತಗಡಿನ ಡಬ್ಬಿ ಮಾಡುವ ನಮ್ಮ ಕಾಕಾನ ಲೆಕ್ಕ ಸಂಜೆ ಹೊತ್ತು ಬರೆಯತೊಡಗಿದಾಗ ಅದರ ಹೊಟ್ಟೆಯಲ್ಲಿ ಎಷ್ಟು ಮರಿಗಳಿವೆ ಎಂದು ತಿಳಿಯಿತು. 2017ರ ಜುಲೈ 1ರಂದು ಬಂದ ಜಿಎಸ್‌ಟಿಯ ಜೀವವಿರುವುದು ಇನ್‌ಪುಟ್ ಕ್ರೆಡಿಟ್ಟಿನಲ್ಲಿ. ಒಂದು ಲಕ್ಷದ ತಗಡು ಕೊಂಡರೆ ಅದರ ಮೇಲೆ 18,000 ತೆರಿಗೆ. ಡಬ್ಬಿ ಮಾರಿದಾಗ ಆ 18,000ವನ್ನು ನಮ್ಮ ಪಾಲಿನ ತೆರಿಗೆಯಲ್ಲಿ ಮುರಿದುಕೊಳ್ಳಬಹುದು. ಕಳ್ಳರು ಹೊಕ್ಕಿದ್ದು ಇದೇ ಬಾಗಿಲಿಂದ. ಮಾಲಿಲ್ಲ, ಗಾಡಿಯಿಲ್ಲ, ಬರೇ ಬಿಲ್ಲು! ಯಾರೋ ಕೂಲಿಯವನ ಆಧಾರ್, ಪಾನ್ ಕಾರ್ಡು ಹಿಡಿದು ಕಂಪನಿ ತೆಗೆಯುವುದು, ಬಿಲ್ಲು ಮಾರುವುದು, ಮಾಯವಾಗುವುದು. ಇಂಥವರನ್ನು ಹಿಡಿಯಲೆಂದೇ 2023ರ ಮೇ 16ರಿಂದ ಎರಡು ತಿಂಗಳು ದೇಶವಿಡೀ ಸುಳ್ಳು ನೋಂದಣಿಗಳ ಶೋಧ ನಡೆಯಿತು. ಮೋಸ 5 ಕೋಟಿ ಮೀರಿದರೆ ಐದು ವರ್ಷದ ತನಕ ಜೈಲು. ಆಗಲೇಬೇಕಾದ ಕೆಲಸ, ನನ್ನ ತಕರಾರಿಲ್ಲ.

ಆದರೆ ಕಳೆದ ವರ್ಷ ಕಾಕಾಗೆ ನೋಟೀಸು ಬಂತು. ತಗಡು ಕೊಟ್ಟವನ ನೋಂದಣಿ ಹಿಂದಿನ ತಾರೀಖಿನಿಂದಲೇ ರದ್ದಾಗಿದೆ, ನೀವು ತೆಗೆದುಕೊಂಡ ಕ್ರೆಡಿಟ್ಟನ್ನು ಬಡ್ಡಿ ಸಮೇತ ತುಂಬಿರಿ! ನಾವು ಕೊಂಡ ದಿನ ಪೋರ್ಟಲಿನಲ್ಲಿ ಅವನ ನಂಬರು ಚಾಲೂ ಇತ್ತು. ಅವನ ಬಿಲ್ಲೂ ನಮ್ಮ ಖಾತೆಯಲ್ಲಿ ಕಂಡಿತ್ತು.

"ಮಾಲು ಬಂದದ, ರೊಕ್ಕ ಬ್ಯಾಂಕಿನ್ಯಾಗಿಂದ ಹೋಗ್ಯದ. ಅಂವ ಸರಕಾರಕ್ಕ ತುಂಬ್ಯಾನೋ ಇಲ್ಲೋ ನಾ ಹೆಂಗ ನೋಡ್ಲೋ?" ಅಂದರು ಕಾಕಾ.

ಕಾಯ್ದೆಯ 16ನೇ ಕಲಮು ಅದನ್ನೇ ಕೇಳುತ್ತದೆ. ಮಾರಿದವನು ತೆರಿಗೆಯನ್ನು ಸರಕಾರಕ್ಕೆ ಕಟ್ಟಿದ್ದರೆ ಮಾತ್ರ ಕೊಂಡವನಿಗೆ ಕ್ರೆಡಿಟ್. ಓಡಿಹೋದವನ ವಿಳಾಸದಲ್ಲಿ ಬೀಗ. ಕಾಕಾನ ವಿಳಾಸದಲ್ಲಿ ಕಾಕಾ ಇದ್ದಾರೆ. ನೋಟೀಸು ಯಾರಿಗೆ ಮುಟ್ಟೀತು, ನೀವೇ ಹೇಳಿ.

ಮೂರು ರಾತ್ರಿ ಕೂತು ತೂಕದ ಚೀಟಿ, ಇ-ವೇ ಬಿಲ್ಲು, ಟೆಂಪೋ ಬಾಡಿಗೆಯ ರಸೀದಿ, ಬ್ಯಾಂಕಿನ ಕಾಗದ ಜೋಡಿಸಿ ಉತ್ತರ ಕಳಿಸಿದೆವು. ಟೆಂಪೋ ಡ್ರೈವರನನ್ನೂ ಹುಡುಕಿದೆವು. ಮಾಲು ಇಳಿಸಿದ್ದು ಅವನಿಗೆ ಚೆನ್ನಾಗಿ ನೆನಪಿದೆ, ಅಂದು ಕಾಕಾ ಅವನಿಗೆ ವಡಾಪಾವ್ ತರಿಸಿದ್ದರಂತೆ. ಇಂಥ ಸಾಕ್ಷಿ ಬರೆಯಲು ಫಾರಮಿನಲ್ಲಿ ಜಾಗವಿಲ್ಲ.

ತೀರ್ಮಾನ ಇನ್ನೂ ಬಂದಿಲ್ಲ. ಕಾಕಾ ಈಗ ಹೊಸ ವ್ಯಾಪಾರಿಯ ಗೋದಾಮನ್ನು ಕಣ್ಣಾರೆ ನೋಡದೆ ಮಾಲು ಕೊಳ್ಳುವುದಿಲ್ಲ. ಕಳೆದ ಭಾನುವಾರ ಭಿವಂಡಿಗೆ ಹೋದಾಗ ನನ್ನಿಂದ ಅಲ್ಲಿಯ ಬೋರ್ಡಿನ ಫೋಟೋ ತೆಗೆಸಿದರು.